ಕಾರ್ಡಿನ ಬೆನ್ನ ಮೇಲಿನ ಕೆಂಪು ಚುಕ್ಕೆ

ಶಾಲೆ ಶುರುವಾದ ವಾರ ಸುದ್ದಗುಂಟೆಪಾಳ್ಯದ ಆ ಸರ್ಕಾರಿ ಪ್ರಾಥಮಿಕ ಶಾಲೆಯ ಗೇಟು ತಳ್ಳಿಕೊಂಡು ಒಳಗೆ ಹೋದಾಗ, ಅಡುಗೆಯಾಕೆ ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನನ್ನು ಚಪ್ಪಲಿಯಿಂದ ತಲೆಯವರೆಗೂ ನೋಡಿದರು.

“ಯಾವ ಕಂಪನಿ ಮೇಡಂ?”

“ಕಂಪನಿ ಅಲ್ಲಮ್ಮ. ಮಕ್ಕಳು ಓದೋದನ್ನ ಕೇಳೋಕೆ ಬಂದಿದೀನಿ.”

“ಬರೀ ಕೇಳೋಕಾ?” ಗೇಟಿನಾಚೆ ಇಣುಕಿದರು. “ಫೋಟೋದೋರು ಹಿಂದೆ ಬರ್ತಾವ್ರಾ?”

ಅವರನ್ನು ದೂರುವಂತಿರಲಿಲ್ಲ. ಬ್ಯಾಗು ಹಂಚುವವರು, ಗೋಡೆಗೆ ಚಿಟ್ಟೆ ಬರೆಯುವವರು, ಕೇಕು ಕತ್ತರಿಸುವವರು ಆ ಶಾಲೆಗೆ ಬಂದು ಒಂದೇ ಬೆಳಿಗ್ಗೆಯಲ್ಲಿ ಹೊರಟುಹೋಗುತ್ತಿದ್ದರಂತೆ. ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಪದ್ಮನಾಭನಗರದಲ್ಲಿ ನನ್ನ ಕಾನ್ವೆಂಟಿನ ಗೆಳತಿಯೊಬ್ಬಳು ಸಣ್ಣ ಟ್ರಸ್ಟ್ ನಡೆಸುತ್ತಾಳೆ. ಆ ಶಾಲೆಯ ಎರಡು ಮತ್ತು ಮೂರನೇ ಕ್ಲಾಸಿನ ಮಕ್ಕಳಿಗೆ ಟ್ರಸ್ಟ್ ಕಡೆಯಿಂದಲೇ ಒಬ್ಬ ಟೀಚರ್ ಇದ್ದರು. ದಸರಾ ರಜೆಗೆ ಮುಂಚೆ ಟ್ರಸ್ಟಿನವರು ಬಂದು ಓದು ಕೇಳುವುದು, ಆಮೇಲೆ ಆ ಟೀಚರನ್ನು ಮುಂದುವರಿಸುವುದೋ ಅಥವಾ ಇಲ್ಲಿಂದ ಕೈಬಿಟ್ಟು ವಸಂತಪುರದ ಇನ್ನೊಂದು ಶಾಲೆಗೆ ಬೇರೆಯವರನ್ನು ಕೊಡುವುದೋ ತೀರ್ಮಾನ ಮಾಡುವುದು ಅಂತಿತ್ತು. ಅಲ್ಲಿಯವರೆಗೆ ಸೋಮವಾರ, ಬುಧವಾರ, ಶುಕ್ರವಾರ ನಾನು ಮಕ್ಕಳ ಜೊತೆ ಕೂತು ಓದು ಕೇಳಬೇಕು, ಶನಿವಾರ ಗೆಳತಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಬೇಕು.

“ನಿನಗೆ ಸಣ್ಣ ಸಣ್ಣದೆಲ್ಲ ಕಣ್ಣಿಗೆ ಬೀಳುತ್ತೆ ಕಣೇ, ನೀನೇ ಸರಿ ಇದಕ್ಕೆ” ಅಂದಿದ್ದಳು ಅವಳು. ಮನೆಯಲ್ಲಿ ನಾನು ಬೈಸಿಕೊಳ್ಳುವುದು ಅದೇ ಗುಣಕ್ಕೆ.

ಟೀಚರ್ ಯಾದಗಿರಿ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಗಂಡನಿಗೆ ಬಿಟಿಎಂನ ಒಂದು ಆಫೀಸಿನಲ್ಲಿ ಕೆಲಸ, ಅಲ್ಲೇ ಮೂರನೇ ಮಹಡಿಯಲ್ಲಿ ಬಾಡಿಗೆ ಮನೆ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಬೋರ್ಡಿನ ಮುಂದೆ ಯಾರನ್ನೋ ಎದುರಿಸುವವರ ಹಾಗೆ ನಿಲ್ಲುತ್ತಿದ್ದರು. ಎಡಗೈ ಹೆಬ್ಬೆರಳಿನ ಉಗುರಿಗೆ ಮರೂನ್ ಬಣ್ಣ, ಅದೂ ಅರ್ಧ ಕಿತ್ತುಹೋಗಿದ್ದು. ನಾನು ಬಂದ ಕಾರಣ ಹೇಳಿದಾಗ ನಕ್ಕರು.

“ಕೇಳಾಕ ಬಂದೀರೋ, ನೋಡಾಕ ಬಂದೀರೋ?”

“ಕೇಳೋಕೆ.”

“ಹಂಗಾರ ಈ ಕಡೆ ಕುಂದರ್ರಿ. ಆ ಕಡೆ ಕುಂತ್ರ ನೀವು ನನ್ನ ಮಾರೀನ ನೋಡ್ತೀರಿ, ಹುಡುಗರ ಬಾಯಿ ಅಲ್ಲ.”

ಕೆಲಸದ ಕ್ರಮ ಹೀಗಿತ್ತು. ಪ್ರಾರ್ಥನೆ ಮುಗಿದ ಮೇಲೆ ಐದಾರು ಮಕ್ಕಳು ಚಾಪೆಯ ಮೇಲೆ ದುಂಡಗೆ ಕೂರುವುದು. ಮಧ್ಯದಲ್ಲಿ ಟ್ರಸ್ಟ್ ಕೊಟ್ಟ ಕಾರ್ಡುಗಳು, ಮುಖ ಕೆಳಗೆ. ಒಂದೊಂದರ ಮೇಲೂ ಒಂದೊಂದೇ ಪದ, ಚಿತ್ರವಿಲ್ಲ, ಬೆನ್ನು ಬರೀ ಬಿಳಿ. ಟೀಚರ್ ಒಂದನ್ನು ಮಗುಚುತ್ತಾರೆ, ಮೊದಲು ಓದಿದ ಮಗುವಿಗೆ ಆ ಕಾರ್ಡು. ಯಾರ ಹತ್ತಿರ ಹೆಚ್ಚು ಕಾರ್ಡು ಸೇರುತ್ತದೋ ಅವರು ಹಾಲಿನ ಗಂಟೆ ಹೊಡೆಯಬಹುದು. ಗಂಟೆ ಅಂದರೆ ವರಾಂಡದ ಸಜ್ಜೆಗೆ ನೇತುಹಾಕಿದ ರೈಲು ಕಂಬಿಯ ತುಂಡು. ಗಂಟೆಯ ಆಸೆ ಹುಟ್ಟಿಸಿದ್ದು ಟೀಚರೇ. “ಆ ಗಂಟಿ ಅಂದ್ರ ಜೀವಾ ಬಿಡ್ತಾವ್ರೀ ಇವು” ಅನ್ನುತ್ತಿದ್ದರು. ಜೀವ ಬಿಡುತ್ತಿದ್ದದ್ದು ನಿಜ. ಗಂಟೆಯ ಸದ್ದಿಗೆ ಬೀದಿ ನಾಯಿಗಳು ಬೊಗಳಿದರೆ ಹೊಡೆದವರ ಮುಖ ನೋಡಬೇಕು.

ಜೂನ್ ಪೂರ್ತಿ ಮಕ್ಕಳು ತಡವರಿಸಿದರು. ‘ಕಮಲ’ವನ್ನು ‘ಕ... ಕ...’ ಅಂತ ಶುರುಮಾಡಿ ಕಾಗೆ, ಕತ್ತೆ, ಕತ್ತರಿ ಅಂತ ಊಹೆಗೆ ಇಳಿಯುತ್ತಿದ್ದರು. ಜುಲೈ ಮಧ್ಯಕ್ಕೆ ಬರುವಷ್ಟರಲ್ಲಿ ಎಲ್ಲ ಬದಲಾಗಿಹೋಯಿತು. ಕಾರ್ಡು ಮಗುಚುವುದೇ ತಡ, ಪದ ಸಿಡಿಯುತ್ತಿತ್ತು. ಶನಿವಾರದ ಮೆಸೇಜುಗಳಲ್ಲಿ ನಾನು ಸಂಭ್ರಮಪಟ್ಟೆ, ಟೀಚರಿಗೂ ಕೇಳಿಸಿದೆ. ಗೆಳತಿ ಚಪ್ಪಾಳೆಯ ಚಿತ್ರ ಕಳಿಸಿದಳು.

ಆಮೇಲೆ ಒಂದು ಬುಧವಾರ, ಇಸ್ತ್ರಿ ಅಂಗಡಿಯವರ ಮಗಳು, ಎರಡು ಜಡೆಗೂ ಬೇರೆ ಬೇರೆ ಬಣ್ಣದ ರಿಬ್ಬನ್ ಕಟ್ಟಿಕೊಂಡು ಬರುವವಳು, “ಕಿಟಕಿ!” ಅಂತ ಕೂಗಿದಳು. ಟೀಚರ ಬೆರಳು ಆಗಿನ್ನೂ ಕಾರ್ಡಿನ ಅಂಚಿಗೆ ತಾಗಿತ್ತು ಅಷ್ಟೇ. ಕಾರ್ಡು ಮಗುಚಿರಲಿಲ್ಲ. ಮಗುಚಿದಾಗ ಅದು ಕಿಟಕಿಯೇ.

ಹಾಲಿಗೆ ಎಲ್ಲರೂ ಎದ್ದುಹೋದ ಮೇಲೆ ಆ ಕಾರ್ಡಿನ ಬೆನ್ನನ್ನು ಬೆಳಕಿಗೆ ಹಿಡಿದೆ. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ. ಮರೂನ್. ಇನ್ನೊಂದು ಕಾರ್ಡಿಗೆ ಎರಡು ಚುಕ್ಕೆ, ಮತ್ತೊಂದಕ್ಕೆ ಸಣ್ಣ ಗೆರೆ. ಚುಕ್ಕೆ ಇಲ್ಲದವುಗಳ ಮೂಲೆಯನ್ನು ಉಗುರಿನಿಂದ ಒತ್ತಿ ಗುರುತು ಮಾಡಿದ್ದರು. ಬಣ್ಣದ ಮೇಲೆ ಬೆರಳಾಡಿಸಿದರೆ ನುಣುಪು, ಉಗುರಿಗೆ ಹಚ್ಚುವ ಬಣ್ಣದ್ದೇ ನುಣುಪು.

ಹೊರಗೆ ಟೀಚರ್ ಜಗ್ಗಿನಿಂದ ಹಾಲು ಬಗ್ಗಿಸುತ್ತಿದ್ದರು. ಹೆಬ್ಬೆರಳಿನ ಉಗುರು ನನಗೆ ಇಲ್ಲಿಂದಲೇ ಕಾಣುತ್ತಿತ್ತು.

ಅನುಮಾನ ಒಮ್ಮೆ ಹೊಕ್ಕರೆ ಎಲ್ಲದಕ್ಕೂ ಅದರದೇ ಬಣ್ಣ ಬರುತ್ತದೆ. ನಾನು ಬಂದ ಕೂಡಲೇ ಟೀಚರ್ ಮಾತು ನಿಲ್ಲಿಸುತ್ತಾರೆ ಅನ್ನಿಸಿತು. ಸಂಜೆ ಹೋಗುವಾಗ ಕಾರ್ಡಿನ ಕಟ್ಟನ್ನು ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಾರೆ ಅಂತ ಗೊತ್ತಾಯಿತು. ಮೇಜಿನ ಡ್ರಾಯರಿಗೆ ಬೀಗ ಇತ್ತು. ಅದನ್ನು ತೋರಿಸಿದವರು ಅಡುಗೆಯಾಕೆ.

“ನಾನೇನೂ ಹೇಳಲ್ಲಪ್ಪ. ಆದ್ರೂ ಚಾಕ್‌ಪೀಸ್‌ಗೆ ಯಾರಾದ್ರೂ ಬೀಗ ಹಾಕ್ತಾರಾ ಮೇಡಂ, ನೀವೇ ಹೇಳಿ.”

ಹೆಡ್ ಮೇಡಂ ಹತ್ತಿರ ಮೆತ್ತಗೆ ವಿಷಯ ಎತ್ತಿದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು. “ನೋಡಿ, ನಂದು ರಿಟೈರ್‌ಮೆಂಟ್ ಹತ್ರ ಇದೆ. ಟ್ರಸ್ಟ್ ಟೀಚರ್ ವಿಷಯ ಟ್ರಸ್ಟಿಗೆ ಸೇರಿದ್ದು. ನನ್ನ ಕಿವಿಗೆ ಏನೂ ಹಾಕ್ಬೇಡಿ, ಪ್ಲೀಸ್.”

ಆ ಭಾನುವಾರ ಊಟದ ಮೇಜಿನ ಮೇಲೆ ದಪ್ಪ ಡ್ರಾಯಿಂಗ್ ಹಾಳೆ ಕತ್ತರಿಸಿ, ಅವೇ ಪದಗಳನ್ನು ಸ್ಕೆಚ್ ಪೆನ್ನಿನಲ್ಲಿ ಬರೆದೆ. ನನ್ನ ಕನ್ನಡ ಅಕ್ಷರ ಇಂಗ್ಲಿಷಿನಂತೆ ಓರೆ ಬೀಳುತ್ತದೆ, ಆದ್ದರಿಂದ ಸ್ಕೇಲ್ ಇಟ್ಟು ಬರೆದೆ. ನಮ್ಮವರು ಪೇಪರಿನ ಮೇಲಿಂದ ನೋಡಿ, “ಏನಿದು, ಹೊಸ ಇಸ್ಪೀಟಾ?” ಅಂದರು. ನನಗೆ ನಗು ಬರಲಿಲ್ಲ.

ಸೋಮವಾರ ಚಾಪೆಯ ಮೇಲೆ ಹಳೆಯ ಕಟ್ಟಿನ ಬದಲು ನನ್ನ ಕಟ್ಟು ಇಟ್ಟೆ. ಟೀಚರಿಗೆ ಮುಂಚೆ ಹೇಳಿರಲಿಲ್ಲ. ಮೊದಲ ಕಾರ್ಡು ಮಗುಚಿದೆ. ‘ಮರ’. ಜೂನಿನಲ್ಲೇ ಕಲಿಸಿದ್ದ ಪದ. ಯಾರೂ ಬಾಯಿ ಬಿಡಲಿಲ್ಲ. ಎರಡನೆಯದು, ಮೂರನೆಯದು, ಅದೇ ಕಥೆ. ಇಸ್ತ್ರಿ ಅಂಗಡಿಯವರ ಮಗಳು ಒಂದು ಕಾರ್ಡನ್ನು ಎತ್ತಿಕೊಂಡು, ಪದದ ಕಡೆ ನೋಡದೆ, ಹಿಂದೆ ತಿರುಗಿಸಿ ನೋಡಿ ಕೆಳಗಿಟ್ಟಳು.

“ಇದು ನಮ್ದಲ್ಲ ಮಿಸ್.”

ಟೀಚರ್ ಗೋಡೆಗೆ ಒರಗಿ ನಿಂತಿದ್ದರು. ಮಕ್ಕಳನ್ನು ಹಾಲಿಗೆ ಕಳಿಸಿ, ನನ್ನ ಕಟ್ಟನ್ನು ಜೋಡಿಸಿ ಕೈಗೆ ಕೊಟ್ಟರು. “ಪೊಲೀಸರು ಬಂದಂಗ ಬಂದ್ರಿ ನೀವು ಇವತ್ತ” ಅಂದರು, ಅಷ್ಟೇ. ಮುಂದಿನ ಎರಡು ಸಲ ನಾನು ಹೋದಾಗಲೂ ನಮಸ್ಕಾರಕ್ಕಿಂತ ಹೆಚ್ಚು ಮಾತಿಲ್ಲ.

ಶನಿವಾರ ಬಂತು. ಫೋನಿನ ಮೈಕನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು ಹೇಳಿಯೂ ಹೇಳಿದೆ: ಈ ಟೀಚರ್ ಓದು ಕಲಿಸಿಲ್ಲ, ಗುರುತು ಹಾಕಿ ಮೋಸ ಕಲಿಸಿದ್ದಾರೆ, ಇವರನ್ನು ಮುಂದುವರಿಸಬೇಡ. ಬೆರಳು ಎತ್ತಿದ್ದರೆ ಮೆಸೇಜು ಹೋಗುತ್ತಿತ್ತು. ಎತ್ತುವ ಮುಂಚೆ ಪಕ್ಕದಲ್ಲಿಟ್ಟುಕೊಂಡಿದ್ದ ಹಳೆಯ ಕಾರ್ಡುಗಳ ಕಡೆ ಕಣ್ಣು ಹೋಯಿತು. ತೋರಿಸಲು ಬೇಕಾಗಬಹುದು ಅಂತ ಶುಕ್ರವಾರ ನಾಲ್ಕೈದನ್ನು ಕೇಳದೆಯೇ ಚೀಲಕ್ಕೆ ಹಾಕಿಕೊಂಡು ಬಂದಿದ್ದೆ. ಚುಕ್ಕೆಗಳು ಒಂದೇ ಹದದಲ್ಲಿ ಇರಲಿಲ್ಲ. ಒಂದು ದಪ್ಪ, ಒಂದು ಹರಡಿಕೊಂಡಿದ್ದು. ಒಂದರ ಮೇಲೆ ಒಣಗುವ ಮುಂಚೆ ಬೆರಳು ತಾಗಿ ಗುರುತು ಬಿದ್ದಿತ್ತು. ಆ ಗುರುತಿನ ಮೇಲೆ ನನ್ನ ಕಿರುಬೆರಳಿಟ್ಟೆ. ನನ್ನ ಕಿರುಬೆರಳಿಗಿಂತ ಅದು ಚಿಕ್ಕದು.

ಹೆಬ್ಬೆರಳನ್ನು ಪಕ್ಕಕ್ಕೆ ಜಾರಿಸಿ ಮೆಸೇಜು ಅಳಿಸಿದೆ. ಇನ್ನು ಮಕ್ಕಳನ್ನು ಪರೀಕ್ಷೆ ಮಾಡುವುದು ಬೇಡ, ಬರೀ ಕೂತು ನೋಡೋಣ, ಆಮೇಲೆ ಟೀಚರನ್ನೇ ಎದುರಿಗೆ ಕೇಳೋಣ ಅಂತ ನಿರ್ಧಾರ ಮಾಡಿದೆ. ಅನುಮಾನವೇನೂ ಹೋಗಿರಲಿಲ್ಲ. ಮಕ್ಕಳ ಕೈಯಿಂದಲೇ ಹಾಕಿಸಿರಬಹುದಲ್ಲ ಅಂತ ಒಳಗೊಂದು ದನಿ ಹೇಳುತ್ತಲೇ ಇತ್ತು.

ಸೋಮವಾರ ಹಾಲಿನ ಹೊತ್ತಿನಲ್ಲಿ ನಾನು ನಲ್ಲಿಯ ಹತ್ತಿರ ಕೂತೆ. ಸಾಮಾನ್ಯವಾಗಿ ಆ ಹೊತ್ತಿಗೆ ನಾನು ಸ್ಟಾಫ್ ರೂಮಿನಲ್ಲಿ ಹೆಡ್ ಮೇಡಂ ಕೊಡುವ ಕಾಫಿ ಕುಡಿಯುತ್ತಿದ್ದೆ. ಮಕ್ಕಳು ಹಾಲು ಕುಡಿದು, ಸ್ಟೀಲ್ ಲೋಟ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿದರು. ಸಾಲಾಗಿದ್ದ ಲೋಟಗಳ ತಳದಲ್ಲಿ ಮರೂನ್ ಚುಕ್ಕೆಗಳು. ಒಂದಕ್ಕೆ ಒಂದು, ಒಂದಕ್ಕೆ ಎರಡು, ಒಂದಕ್ಕೆ ಗೆರೆ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಮನೆಯಲ್ಲೂ ಇದು ಇದೆ. ಹಬ್ಬಕ್ಕೆ, ನಾಮಕರಣಕ್ಕೆ ಪಕ್ಕದ ಮನೆಗೆ ಪಾತ್ರೆ ಕೊಡುವಾಗ ತಳಕ್ಕೆ ಒಂದು ಚುಕ್ಕೆ ನೇಲ್ ಪಾಲಿಶ್ ಹಚ್ಚುತ್ತೇವೆ, ತಿರುಗಿ ಬಂದಾಗ ಯಾರದು ಯಾವುದು ಅಂತ ಗೊತ್ತಾಗಲಿ ಅಂತ. ನನ್ನ ಅಡುಗೆಮನೆಯ ಅರ್ಧ ಡಬ್ಬಿಗಳಿಗೆ ಆ ಚುಕ್ಕೆ ಇದೆ. ಶಾಲೆಯಲ್ಲಿ ಅದೇ ಬಣ್ಣ ಕಂಡಾಗ ನನಗೆ ಟೀಚರ ಉಗುರು ಒಂದೇ ನೆನಪಾಗಿತ್ತು.

ಅಷ್ಟರಲ್ಲಿ ಇಸ್ತ್ರಿ ಅಂಗಡಿಯವರ ಮಗಳು ಲೋಟ ಎತ್ತಿಕೊಂಡು ಕ್ಲಾಸಿನೊಳಗೆ ಟೀಚರ ಹತ್ತಿರ ಓಡಿದಳು, ನಾನೂ ಬಾಗಿಲವರೆಗೆ ಹೋದೆ. “ಮಿಸ್, ನಂದು ಚುಕ್ಕೆ ಹೋಗ್ಬಿಟ್ಟಿದೆ.”

ಟೀಚರ್ ಡ್ರಾಯರಿನ ಬೀಗ ತೆಗೆದು ಪುಟ್ಟ ಬಾಟಲಿ ಕೊಟ್ಟರು. “ನೀನ ಹಚ್ಕೋ. ಜಾಸ್ತಿ ಹಚ್ಚಬ್ಯಾಡ.” ಹುಡುಗಿ ಚಾಪೆಯ ಮೇಲೆ ಕೂತು ಲೋಟಕ್ಕೆ ಒಂದು ಚುಕ್ಕೆ ಇಟ್ಟಳು. ಆಮೇಲೆ ಆ ಕಡೆ ಈ ಕಡೆ ನೋಡಿ, ಕಟ್ಟಿನಿಂದ ಒಂದು ಕಾರ್ಡೆಳೆದು ಅದಕ್ಕೂ ಒಂದು ಇಟ್ಟಳು. ಊದಿ ಒಣಗಿಸಿದಳು. ನನ್ನನ್ನು ಕಂಡು ಕೈ ಹಿಂದಕ್ಕೆ ಹೋಯಿತು.

“ಗಂಟೆಗಾ?” ಅಂದೆ.

ತಲೆಯಾಡಿಸಿದಳು. “ಎಲ್ರೂ ಹಾಕ್ಕೊಂಡಿದಾರೆ ಮಿಸ್. ನಂದೊಂದೇ ಅಲ್ಲ.”

ಸಂಜೆ ಶಾಲೆ ಬಿಟ್ಟ ಮೇಲೆ ಟೀಚರ ಎದುರಿಗೆ ಕೂತೆ. ಚೀಲದಿಂದ ಕಾರ್ಡುಗಳನ್ನು ತೆಗೆದು ಮೇಜಿನ ಮೇಲಿಟ್ಟು, “ಇವನ್ನ ನಿಮ್ಮನ್ನ ಕೇಳದೆ ತಗೊಂಡು ಹೋಗಿದ್ದೆ. ಚುಕ್ಕೆ ನೀವು ಹಾಕಿದ್ದು ಅಂದ್ಕೊಂಡಿದ್ದೆ” ಅಂದೆ.

“ಅನಕೊಂಡ್ರಿ ಅಂತ ಗೊತ್ತಿತ್ತು ಬಿಡ್ರಿ.”

“ಡ್ರಾಯರ್‌ಗೆ ಬೀಗ ಯಾಕೆ?”

“ಬಾಟ್ಲಿ ಹೊರಗಿಟ್ರ ಇಡೀ ಸಾಲಿ ಉಗುರು ಕೆಂಪಗಾಗ್ತಾವ್ರೀ. ಲೋಟ ಅದ್ಲಿಬದ್ಲಿ ಆದ್ರ ತಾಯಂದಿರು ಗೇಟಿಗೆ ಬಂದು ಜಗಳಾ ತಗಿತಾರ, ಅದಕ್ಕ ಇಟ್ಟೀನಿ.” ಕಾರ್ಡಿನ ಹರಿದ ಮೂಲೆ ತೋರಿಸಿದರು. “ಮನೀಗೆ ಒಯ್ಯೂದು ಟೇಪ್ ಹಚ್ಚಾಕ. ಇನ್ನೇನು ಕೇಳೂದೈತಿ?”

“ಮಕ್ಕಳು ಗುರುತು ಹಾಕ್ತಿದಾರೆ ಅಂತ ಯಾವಾಗ ಗೊತ್ತಾಯ್ತು ನಿಮಗೆ?”

ಹೊರಗೆ ಅಡುಗೆಯಾಕೆ ಹಂಡೆ ಉಜ್ಜುವ ಸದ್ದು ನಿಂತಿತ್ತು. ಕೇಳಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ.

“ನಿಮಗಿಂತ ಮೊದಲ ಗೊತ್ತಾತ್ರೀ. ಟೇಪ್ ಹಚ್ಚೂಮುಂದ ನೋಡೀನಿ. ಆದ್ರ ನೀವು ಖುಷೀಲೆ ಫೋನಿನ್ಯಾಗ ಹೇಳಾಕ್ಹತ್ತಿದ್ರಿ, ಭಾಳ ಛಂದ ಓದ್ತಾವು ಅಂತ. ಆ ಮಾತಿನ ಮ್ಯಾಲ ನನ್ನ ಕೆಲಸ ನಿಂತೈತಿ. ನಾ ಬಾಯಿ ಮುಚ್ಕೊಂಡೆ.”

ಅಂದರೆ ನನ್ನ ಅನುಮಾನ ಅರ್ಧ ಸರಿ. ಪೂರ್ತಿ ತಪ್ಪಾಗಿದ್ದರೆ ಕ್ಷಮೆ ಕೇಳಿ ಹಗುರಾಗುತ್ತಿದ್ದೆ, ಪೂರ್ತಿ ಸರಿಯಾಗಿದ್ದರೆ ಮೆಸೇಜು ಕಳಿಸಿ ಹಗುರಾಗುತ್ತಿದ್ದೆ. ಈಗ ಎರಡಕ್ಕೂ ದಾರಿಯಿಲ್ಲ. “ದಸರಾ ಒಳಗೆ ಓದಿಸೋಕಾಗುತ್ತಾ, ನಿಜವಾಗಿ?” ಅಂದೆ.

“ಆ ಕಾರ್ಡ್ ಇರಬಾರದು. ಗಂಟೀನೂ ಬ್ಯಾಡ” ಅಂದರು.

ಗಂಟೆಗೆ ಸರದಿ ಮಾಡಿದೆವು. ಮಕ್ಕಳು ಒಂದು ದಿನ ಅತ್ತರು, ಮರುದಿನಕ್ಕೆ ಮರೆತರು. ಓದಿಗೆ ಬೀದಿಯ ಬೋರ್ಡುಗಳಿದ್ದವು. ಈಚೆಗೆ ಅಂಗಡಿಗಳೆಲ್ಲ ಕನ್ನಡವನ್ನು ದಪ್ಪಗೆ ಬರೆಸಿವೆ. ಆಗಸ್ಟಿನಲ್ಲಿ ಒಂದು ಗುಂಪನ್ನು ಕರೆದುಕೊಂಡು ಹೊರಟೆ. “ಮೊ...ಬೈ...ಲ್ ರಿ...ಪೇ...ರಿ” ಅಂತ ಓದಿದ ಹುಡುಗನ ಬೆನ್ನನ್ನು ಅಂಗಡಿಯವನೇ ತಟ್ಟಿ, “ಸಖತ್ ಮಗಾ!” ಅಂದ. ಮೂಲೆ ತಿರುಗುವಷ್ಟರಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಅಡ್ಡ ನಿಂತರು. ಹಳೇ ಊರಿನ ಮನೆತನದವರು. ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಪಿಜಿ ಕಟ್ಟಡಗಳಿವೆ.

“ಯಾರಮ್ಮ ನೀನು? ಎಲ್ಲಿಗ್ ಕರ್ಕೊಂಡ್ ಹೋಗ್ತಿದೀಯ ಮಕ್ಳನ್ನ?”

“ಶಾಲೆಯಿಂದ ಬಂದಿದೀವಿ. ಬೋರ್ಡ್ ಓದಿಸೋಕೆ.”

“ಬೋರ್ಡ್ ಓದ್ಸೋಕೆ ಶಾಲೇಲಿ ಬೋರ್ಡಿಲ್ವಾ?” ಆಗಲೇ ಫೋನಿನಲ್ಲಿ ನನ್ನ ಫೋಟೋ ತೆಗೆಯುತ್ತಿದ್ದರು. “ಮಕ್ಕಳ ಕಳ್ಳರು ಬಂದವ್ರೆ ಅಂತ ದಿನಾ ಮೆಸೇಜ್ ಬರ್ತೈತೆ. ನಡೀರಿ, ಹೆಡ್ ಮೇಡಂ ಹತ್ರಾನೇ ಮಾತಾಡಣ.”

ಮಕ್ಕಳ ಮುಂದೆ ನನ್ನನ್ನು ನಡೆಸಿಕೊಂಡು ಬಂದರು. ಗೇಟಿನಲ್ಲಿ ಟೀಚರ್ ನಿಂತಿದ್ದರು. “ನಮ್ಮವ್ರರೀ ಅವರು, ಬಿಡ್ರಿ” ಅಂದರು. ಆ ‘ನಮ್ಮವ್ರು’ ಕೇಳಿ ಯಜಮಾನರು ಫೋನು ಜೇಬಿಗಿಟ್ಟರು. ನನ್ನ ಕಿವಿ ಇನ್ನೂ ಬಿಸಿಯಾಗಿಯೇ ಇತ್ತು. ಹೆಡ್ ಮೇಡಂ ಅಂದಿನಿಂದ ಮಕ್ಕಳನ್ನು ಹೊರಗೆ ಬಿಡಲಿಲ್ಲ.

ಬೀದಿಗೆ ನಾವು ಹೋಗುವಂತಿಲ್ಲ ಅಂದಮೇಲೆ ಮನೆಯಲ್ಲಿ ಕನ್ನಡ ಅಚ್ಚಾಗಿರುವ ಏನಿದ್ದರೂ ತನ್ನಿ ಅಂತ ಮಕ್ಕಳಿಗೆ ಹೇಳಿದೆವು. ಊದುಬತ್ತಿ ಡಬ್ಬಿ, ಹಾಲಿನ ಕವರ್, ಮದುವೆ ಕರೆಯೋಲೆ, ಕರೆಂಟ್ ಬಿಲ್, ಅಕ್ಕಿ ಮೂಟೆಯ ತುಂಡು, ಎಲ್ಲ ಬಂತು. ಪಂಚೆಯ ಯಜಮಾನರೂ ಒಂದು ದಿನ ಹಳೇ ಕ್ಯಾಲೆಂಡರುಗಳ ಸುರುಳಿ ತಂದು, ಏನೂ ಹೇಳದೆ ಗೇಟಿನ ಹತ್ತಿರ ಇಟ್ಟುಹೋದರು. ಒಬ್ಬಳು ಖಾಲಿ ಮದ್ಯದ ಪೊಟ್ಟಣ ತೊಳೆದು ತಂದಿದ್ದಳು. ಎಲ್ಲರ ಮುಂದೆ ಬೆರಳಿಟ್ಟು ಓದಿದಳು: “ಆ...ರೋ...ಗ್ಯ...ಕ್ಕೆ ಹಾ...ನಿ...ಕ...ರ.” ಒತ್ತಕ್ಷರ ಸಮೇತ! ಟೀಚರ್ ಕಣ್ಣಗಲಿಸಿ ನನ್ನನ್ನು ನೋಡಿದರು. ಹೆಡ್ ಮೇಡಂ ಓಡಿಬಂದು ಪೊಟ್ಟಣ ಕಿತ್ತುಕೊಂಡು, “ಇದೇನ್ರೀ ಸಿಲಬಸ್ಸು!” ಅಂದರು.

ಓದು ನಿಧಾನವಾಯಿತು. ಹನಿ ಹನಿ ಬೀಳುವ ನಲ್ಲಿಯಂತೆ ಅಕ್ಷರ ಅಕ್ಷರವಾಗಿ ಬರುತ್ತಿತ್ತು. ಶನಿವಾರದ ಮೆಸೇಜುಗಳನ್ನು ಚಿಕ್ಕದು ಮಾಡಿದೆ. “ನಡೀತಿದೆ” ಅಂತ ಅಷ್ಟೇ. ಗೆಳತಿಗೆ ಆಗಲೇ ಹೇಳಬೇಕಿತ್ತೋ ಏನೋ. ಹೇಳಿದರೆ ಪರೀಕ್ಷೆಗೆ ಮೊದಲೇ ಟೀಚರನ್ನು ತೆಗೆಯುತ್ತಾಳೆ ಅನ್ನುವ ಭಯ ಇತ್ತು.

ದಸರಾಗೆ ಮುಂಚಿನ ವಾರ ಗೆಳತಿ ಇನ್ನೊಬ್ಬ ಸದಸ್ಯೆಯ ಜೊತೆ ಬಂದಳು. ಹೊಸದಾಗಿ ಅಚ್ಚಾದ ಕಾರ್ಡುಗಳು, ಕೈಯಲ್ಲಿ ಸಮಯ ನೋಡಲು ಫೋನು. ಇಸ್ತ್ರಿ ಅಂಗಡಿಯವರ ಮಗಳ ಮುಂದೆ ‘ಚಪ್ಪಲಿ’ ಬಂತು. ಅವಳು ಕಾರ್ಡಿನ ಹಿಂದೆ ನೋಡಲಿಲ್ಲ. ತುಟಿ ಚಲಿಸಿತು, ನಿಂತಿತು, ಮತ್ತೆ ಚಲಿಸಿತು. “ಚ... ಪ್ಪ... ಲಿ.” ಸದಸ್ಯೆ ಫೋನು ನೋಡಿ ತುಟಿ ಬಿಗಿಹಿಡಿದರು. ಕೆಲವು ಮಕ್ಕಳು ಓದಿದರು, ಕೆಲವರು ಅರ್ಧಕ್ಕೆ ಬಿಟ್ಟರು, ಇಬ್ಬರು ಅತ್ತರು.

ಗೆಳತಿ ನನ್ನನ್ನೂ ಟೀಚರನ್ನೂ ವರಾಂಡಕ್ಕೆ ಕರೆದಳು. “ಜುಲೈನಲ್ಲಿ ಪಟಪಟ ಓದ್ತಾರೆ ಅಂದಿದ್ದೆ. ಇದೇನು? ಹಿಂದಕ್ಕೆ ಹೋಗಿದಾರಲ್ಲೇ!”

“ಆಗ ಓದ್ತಿರ್ಲಿಲ್ಲ. ಕಾರ್ಡಿಗೆ ಗುರುತು ಹಾಕಿಕೊಂಡಿದ್ರು. ಓದ್ತಿರೋದು ಈಗ.”

ಅವಳ ಮುಖ ಬದಲಾಯಿತು. “ಯಾರಿಗೆ ಗೊತ್ತಿತ್ತು ಇದು?”

“ನನಗೆ. ಆಗಸ್ಟಿಗೂ ಮುಂಚೆ.” ಅಲ್ಲಿಗೆ ನಿಲ್ಲಿಸೋಣ ಅಂದುಕೊಂಡೆ.

“ನನಗ ಇವರಿಗಿಂತ ಮೊದಲ ಗೊತ್ತಿತ್ರೀ” ಅಂದರು ಟೀಚರ್. ಸೆರಗು ಇನ್ನೂ ಸೊಂಟಕ್ಕೆ ಬಿಗಿದೇ ಇತ್ತು. “ಹೇಳಿದ್ರ ಕೆಲಸ ಹೋಗ್ತದಂತ ಹೇಳಲಿಲ್ಲ. ಆಮ್ಯಾಗ ಓದ್ಸೀವಿ. ನೀವು ಕೇಳೀರಿ. ಇನ್ನ ನಿಮಗ ಬಿಟ್ಟದ್ದು.”

ಗೆಳತಿ ಕಾರಿನ ಹತ್ತಿರ ಹೋಗಿ ಸದಸ್ಯೆಯ ಜೊತೆ ತುಂಬ ಹೊತ್ತು ನಿಂತಳು. ಸಂಜೆ ಫೋನು ಮಾಡಿದಳು. ಟೀಚರ್ ಮುಂದುವರಿಯುತ್ತಾರೆ, ವರ್ಷದ ಕೊನೆಯವರೆಗೆ. ಓದು ಕೇಳೋಕೆ ಮಾತ್ರ ಬೇರೆಯವರು ಬರುತ್ತಾರೆ. “ಬೇಜಾರು ಮಾಡ್ಕೋಬೇಡ ಕಣೇ. ಟೀಚರ್ ಮೇಲಾದ್ರೆ ಒಂದು ಕಣ್ಣಿಡ್ಬಹುದು. ನೀನು ಏನು ಹೇಳ್ತೀಯ, ಏನು ಹೇಳಲ್ಲ ಅಂತ ಇನ್ಮೇಲೆ ನನಗೆ ಹೇಗೆ ಗೊತ್ತಾಗ್ಬೇಕು?” ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ರಜೆಗೆ ಮುಂಚಿನ ಕೊನೆಯ ದಿನ ಟೀಚರಿಗೆ ಹೇಳಲು ಹೋದೆ. ಅವರಿಗೆ ಆಗಲೇ ಗೊತ್ತಿತ್ತು. ಗೇಟಿನವರೆಗೂ ಬಂದರು.

“ಹೊಸದಾಗಿ ಬರಾಕಿ ಹೆಂಗದಾಳ್ರೀ? ಭಾಳ ಅನುಮಾನದಾಕೇನು?”

“ನನಗೆ ಗೊತ್ತಿಲ್ಲ ಟೀಚರ್.”

“ಇದ್ರೂ ಇರ್ಲಿ ಬಿಡ್ರಿ. ಆದ್ರ ಒಂದು ಮಾತು ಹೇಳ್ರಿ ಆಕೀಗೆ. ಏನರೆ ಅನುಮಾನ ಬಂದ್ರ ಮೊದಲ ನನ್ನ ಕೇಳಲಿ.” ಗೇಟಿನ ಚಿಲಕ ತೆಗೆದರು. “ಆಮ್ಯಾಗ ಹುಡುಗರ್ನ ಕೇಳಲಿ.”